ಎತ್ತಿ ಕುಡಿಯುವ ನೀರು

ನಮ್ಮತ್ತೆ ಚೊಂಬಿಗೆ ತುಟಿ ತಾಕಿಸಿ ನೀರು ಕುಡಿದವರಲ್ಲ. ಚೊಂಬು ಮೇಲೆತ್ತಿ ಧಾರೆಯಾಗಿ ಬಾಯಿಗೆ ಸುರಿದುಕೊಳ್ಳಬೇಕು. ತುಟಿ ತಾಕಿದರೆ ಎಂಜಲು. ತೊಂಬತ್ತನೇ ಇಸವಿಯ ಸುಮಾರಿಗೆ ಅವರ ಮೇಲುಬೆನ್ನು ಹಲಗೆಯಾಯಿತು. ಶಿಡ್ಲಘಟ್ಟಕ್ಕೆ ಮದುವೆಯಾಗಿ ಬಂದಾಗಿನಿಂದ ಚರಕದ ಮುಂದೆ ಬಗ್ಗಿ, ಬಿಸಿನೀರಲ್ಲಿ ಬೆಂದ ಗೂಡಿನಿಂದ ರೇಷ್ಮೆ ಎಳೆ ಬಿಡಿಸಿದ ಬೆನ್ನು ಅದು. ಇನ್ನೇನಾದೀತು? ಕತ್ತು ಹಿಂದಕ್ಕೆ ಬಾಗದು. ಚೊಂಬು ಎತ್ತಿದರೆ ನೀರು ಮೂಗಿಗೆ, ಸೆರಗಿಗೆ. ಕಡೆಗೆ ನೀರು ಕುಡಿಯುವುದನ್ನೇ ಕಡಿಮೆ ಮಾಡಿದರು. ಉರಿಮೂತ್ರ ಶುರುವಾಯಿತು. ಒಂದು ದಿನ ಒಲೆ ಮುಂದೆ ತಲೆ ಸುತ್ತಿ ಕೂತುಬಿಟ್ಟರು.

"ಕಚ್ಚಿಕೊಂಡೇ ಕುಡೀರಿ ಅತ್ತೆ, ಯಾರು ನೋಡ್ತಾರೆ?"

"ನಾನು ನೋಡ್ತೀನಲ್ಲೇ."

ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿ ಫಿಸಿಯೋಥೆರಪಿ ಮಾಡುವ ಹುಡುಗಿಯೊಬ್ಬಳು ಅತ್ತೆಯನ್ನು ಸ್ಟೂಲಿನ ಮೇಲೆ ಕೂರಿಸಿ, ಕೈ ಕಟ್ಟಿಸಿ, ಹಿಂದಿನಿಂದ ಒಂದೊಂದೇ ಮೂಳೆ ಹುಡುಕಿ ಅಂಗೈ ಬುಡದಿಂದ ಒತ್ತಿದಳು.

"ಉಸಿರು ಬಿಡಿ ಅಜ್ಜಿ."

"ಬಿಟ್ರೆ ಹೋಗೇ ಹೋಗ್ತೀನಿ ಕಣಮ್ಮ."

ಹುಡುಗಿ ನಕ್ಕಳು, ಕೈ ನಿಲ್ಲಿಸಲಿಲ್ಲ. ಹೊರಗೆ ಬಂದವರೇ ಅತ್ತೆ ನಲ್ಲಿಯಲ್ಲಿ ಚೊಂಬು ತುಂಬಿ ಎತ್ತಿದರು. ನೀರು ನೇರ ಬಾಯಿಗೆ ಬಿತ್ತು. ಗಟಗಟ ಕುಡಿದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನ ಅಡುಗೆಯನ್ನು ಬೈದರು. ಖುಷಿಯಾದರೆ ಅವರು ಬೈಯುವುದೇ.

ವಾರ ತುಂಬುವ ಮೊದಲೇ ಬೆನ್ನು ಮತ್ತೆ ಬಿಗಿಯಿತು. ಆಗಾಗ ಒತ್ತಿಸಿಕೊಳ್ಳಿ, ಬಗ್ಗಿ ಕೂರಬೇಡಿ ಎಂದು ಹುಡುಗಿ ಹೇಳಿ ಕಳಿಸಿದ್ದಳು. ನೆಟ್ಟಗೆ ಕೂತರೆ ನೀರೊಳಗಿನ ಎಳೆ ಕಾಣುವುದಿಲ್ಲ. ಎಳೆ ಕಾಣದಿದ್ದರೆ ನೂಲು ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಚರಕ ಬಿಡಿ ಎಂದರೆ ಬಿಡರು. ಇನ್ನೆರಡು ಸಲ ಆಸ್ಪತ್ರೆಗೆ ಹೋದೆವು. ಒತ್ತಿದಾಗ ಸಡಿಲವಾದದ್ದು ವಾಪಸ್ ಬರುವ ಬಸ್ಸಿನ ಕುಲುಕಾಟದಲ್ಲೇ ಬಿಗಿಯುತ್ತಿತ್ತು.

ಸಂಜೆ ನಾನೇ ಒತ್ತಲು ಕೂರುತ್ತಿದ್ದೆ. ಗೂಡಿನ ನೀರಿನಲ್ಲಿ ನೆನೆದು ನನ್ನ ಬೆರಳುಗಳೂ ಸುಲಿದಿರುತ್ತಿದ್ದವು. ಜೋರಾಗಿ ಒತ್ತಿದರೆ ಮೂಳೆ ಮುರಿದೀತೆಂಬ ಹೆದರಿಕೆ, ಮೆಲ್ಲಗೆ ಒತ್ತಿದರೆ ಏನೂ ಆಗದು.

"ಇದೇನೇ, ಬೆನ್ನು ಒತ್ತುತಿದ್ದೀಯೋ, ಮುದ್ದೆ ಕಟ್ತಿದ್ದೀಯೋ?"

"ನನಗೆ ಬರೋದು ಇಷ್ಟೇ ಅತ್ತೆ."

ಬೇಸಿಗೆ ಬಂತು. ಒಂದು ಮಧ್ಯಾಹ್ನ ಒಳಗೆ ಬಂದರೆ ಅತ್ತೆ ಗೋಡೆ ಕಡೆ ತಿರುಗಿ, ಚೊಂಬು ಕಚ್ಚಿಕೊಂಡು ನೀರು ಕುಡಿಯುತ್ತಿದ್ದರು. ಬಾಗಿಲಲ್ಲೇ ನಿಂತೆ. ಕುಡಿದು ಮುಗಿಸಿ, ಚೊಂಬನ್ನು ತಾವೇ ಬೂದಿ ಹಾಕಿ ತಿಕ್ಕಿ, ಉಳಿದ ಪಾತ್ರೆಗಳಿಂದ ದೂರ ಬೋರಲು ಹಾಕಿದರು.

"ಬೆನ್ನು ಒತ್ತಲಾ ಅತ್ತೆ?"

"ಬಿಡೇ. ಇನ್ನ್ಯಾಕೆ?"