ಸಿಸ್ಟರಮ್ಮ ನಂಬದ ಹೂಂ

ಕೂಸನ್ನು ಮುಟ್ಟುವ ಮೊದಲು ಆಸ್ಪತ್ರೆಯ ಸಿಸ್ಟರಮ್ಮ ಎರಡೂ ಅಂಗೈಗಳನ್ನು ಕಂಕುಳಲ್ಲಿ ಅವುಚಿಕೊಂಡು ಬಿಸಿ ಮಾಡಿಕೊಳ್ಳುತ್ತಿದ್ದರು. ಹೊರಗೆ ಶಹಾಪುರದ ಬಿಸಿಲಿಗೆ ನೆಲ ಹಂಚಿನಂತೆ ಕಾದಿದ್ದರೂ ಇದು ತಪ್ಪುತ್ತಿರಲಿಲ್ಲ. ನಾಲಿಗೆಗೆ ಮಾತ್ರ ಆ ಕಷ್ಟವಿರಲಿಲ್ಲ, ಅದು ಯಾವಾಗಲೂ ಸುಡುತ್ತಿತ್ತು.

ನನ್ನ ಮಗಳು ಹುಟ್ಟಿದಾಗ ಒಂದೂವರೆ ಕಿಲೋ. ಅವಳನ್ನು ಬರಿಮೈಯಲ್ಲಿ ನನ್ನ ಎದೆಯ ಮೇಲೆ ಕವುಚಿ, ಸುತ್ತ ಸೀರೆ ಬಿಗಿದು ಸಿಸ್ಟರಮ್ಮ ಹೇಳಿದರು: "ನಿನ್ನ ಮೈಶಾಖನ ಇಕಿಗಿ ಔಷಧ. ನಾ ಹೇಳೋತನಕ ನೀರು ಎರಿಬ್ಯಾಡ್ರಿ."

"ಹೂಂರಿ" ಎಂದೆ. ರೇಗಿಬಿಟ್ಟರು.

"ಹೂಂ ಅನಬ್ಯಾಡ. ಮಾಡಿ ತೋರಿಸು."

ಅಷ್ಟೂ ಬಿಚ್ಚಿಸಿ ಮೊದಲಿನಿಂದ ಕಟ್ಟಿಸಿದರು. ಬಾಯಿತಪ್ಪಿ ಮತ್ತೆ ಹೂಂ ಅಂದೆ, ಮತ್ತೆ ಬಿಚ್ಚಿಸಿದರು. ಮನಸ್ಸಿನಲ್ಲೇ ಬೈದುಕೊಂಡೆ. ಹೂಂ ಅನ್ನದೆ ಏನನ್ನಲಿ? ಗಂಡನ ಮನೆಯಲ್ಲಿ ಎರಡು ವರ್ಷದಿಂದ ನಾನು ಆಡಿದ್ದೇ ಅದೊಂದು ಮಾತು.

ಗಂಡನ ಊರು ಗೋಗಿಗೆ ಮರಳಿದ ಮೂರನೆಯ ದಿನ ಅತ್ತೆ ಬಚ್ಚಲೊಲೆಗೆ ಬೆಂಕಿ ಹಾಕಿದರು. "ಎಣ್ಣಿ-ನೀರು ಕಾಣದ ಕೂಸು ಗಟ್ಟಿ ಆಗ್ತದೇನ? ನಾ ಐದು ಹಡದೀನಿ."

ಅತ್ತೆಗೂ ಹೂಂ ಅಂದೆ. ಅವರು ಕೂಸಿಗೆ ಎಣ್ಣೆ ಹಚ್ಚಿ ನೀರೆರೆದರು.

ಮಧ್ಯಾಹ್ನದ ಹೊತ್ತಿಗೆ ಕೂಸು ಮೊಲೆ ಹಿಡಿಯುವುದನ್ನು ಬಿಟ್ಟಿತು. ಪಾದಗಳು ತಣ್ಣಗಾಗಿದ್ದವು. ಆಟೋದವನು "ಇನ್ನಿಬ್ಬರು ಬರ್ಲಿ ತಡಿರಿ" ಎಂದು ಕೂತೇ ಇದ್ದ. ಅತ್ತೆ ಅವನ ಅಂಗಿ ಹಿಡಿದು ಜಗ್ಗಿದ ಮೇಲೆಯೇ ಗಾಡಿ ಆಸ್ಪತ್ರೆಗೆ ಹೊರಟಿತು. ದಾರಿಯುದ್ದಕ್ಕೂ ಎಲ್ಲರ ಮೇಲೂ ನನಗೆ ಸಿಟ್ಟು, ಎಲ್ಲಕ್ಕಿಂತ ಹೆಚ್ಚು ನನ್ನ ಮೇಲೆ.

ಸಿಸ್ಟರಮ್ಮ ಕೂಸನ್ನು ಮತ್ತೆ ನನ್ನ ಎದೆಗೆ ಕಟ್ಟಿದರು. ಮರುದಿನ ಕೂಸು ಚೇತರಿಸಿಕೊಂಡ ಮೇಲೆ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ಪರದೆ ಎಳೆದು, ಸೆರಗು ಸರಿಸಿ, ಕೂಸನ್ನು ಅವರ ಎದೆಗೇ ಕಟ್ಟಿದರು.

"ತಪ್ಪು ನಂದs. ನೀರು ಕಾಸೋರಿಗಿ ಕಲಿಸೋದು ಬಿಟ್ಟು ಹೂಂ ಅನ್ನೋರಿಗಿ ಕಲಿಸಿದ್ನಿ. ತಿಳೀತಾ?"

"ಹೂಂ" ಎಂದರು ಅತ್ತೆ.

ಅವರದ್ದೂ ಬಿಚ್ಚಿಸಿದರು. ಐದು ಹಡೆದ ನಮ್ಮತ್ತೆ ಮೂರು ಸಲ ಕಟ್ಟಿದರು. ಆಮೇಲೆ ಎರಡು ತಿಂಗಳು ಕೂಸಿಗೆ ನೀರೆರೆಯುವ ಮಾತೆತ್ತಿದ ನೆರೆಯವರಿಗೆಲ್ಲ ಅವರ ಬಾಯಿಂದ ಮಂಗಳಾರತಿಯಾಯಿತು. ಮಗಳು ಈಗ ಶಾಲೆಯಲ್ಲಿ ಮೂರನೆಯ ಇಯತ್ತೆ, ಒಂದು ಕಡೆ ಕೂರುವವಳಲ್ಲ.

ಹೋದ ವರ್ಷ ಅವಳನ್ನು ಕರೆದುಕೊಂಡು ಸಿಸ್ಟರಮ್ಮನ ಮನೆಗೆ ಹೋಗಿದ್ದೆ. ಅವರ ನೌಕರಿ ಮುಗಿದಿತ್ತು. ಸಕ್ಕರೆ ಕಾಯಿಲೆ, ಕಾಲಿನ ಗಾಯ ಮಾಯುತ್ತಿರಲಿಲ್ಲ, ಮೇಲೆ ಅರಿಶಿನ ಮೆತ್ತಿಕೊಂಡಿದ್ದರು. ಊರಿಗೆಲ್ಲ ಬುದ್ಧಿ ಹೇಳಿದ ಹೆಂಗಸು! ನನಗೆ ಉರಿದುಹೋಯಿತು.

"ಇವತ್ತs ಡಾಕ್ಟರಿಗಿ ತೋರಿಸ್ರಿ" ಎಂದೆ.

"ಹೂಂ."

"ಹೂಂ ಅನಬ್ಯಾಡ್ರಿ. ಏಳ್ರಿ, ನನ್ನ ಸಂಗಾಟ ನಡೀರಿ."

ನಕ್ಕರು. ಅಂಗೈಗಳನ್ನು ಕಂಕುಳಲ್ಲಿ ಬಿಸಿ ಮಾಡಿಕೊಂಡು ಮಗಳ ಕೆನ್ನೆ ಸವರಿದರು. "ನಾಳಿ ಹೋಗ್ತೀನಿ, ಖರೇನ. ನಿನ್ನ ಬಸ್ಸಿನ ಹೊತ್ತಾತು, ನಡಿ."

ಡಾಕ್ಟರ ಬಳಿ ಹೋಗಲೇ ಇಲ್ಲ; ಆ ಗಾಯದ ನಂಜು ಏರಿ, ತಿಂಗಳೊಳಗೆ ತೀರಿಕೊಂಡರು.

ನನ್ನ ಹೂಂ ಅನ್ನು ಅವರು ಒಂದು ದಿನವೂ ನಂಬಲಿಲ್ಲ, ಅದಕ್ಕೇ ನನ್ನ ಮಗಳಿದ್ದಾಳೆ. ನಾನು ಅವರ ಹೂಂ ನಂಬಿ ಗೋಗಿ ಬಸ್ಸು ಹತ್ತಿದೆ.