ಯಾರೂ ಊರು ಕೇಳದ ಸಿನಿಮಾ

ಬಲಭುಜ ಹಿಡಿದುಕೊಂಡು ಜಡೆ ಹಾಕಿಕೊಳ್ಳುವುದಕ್ಕೂ ಆಗದಂತಾದಾಗ, ಅತ್ತಿಗುಪ್ಪೆ ಮೆಟ್ರೊ ನಿಲ್ದಾಣದ ಹಿಂದಿನ ಒಂದು ಸಣ್ಣ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಹೋಗತೊಡಗಿದೆ. ಅಲ್ಲಿ ನನ್ನ ಕೈಗೆ ವ್ಯಾಯಾಮ ಮಾಡಿಸುತ್ತಿದ್ದ ಹುಡುಗಿ ಸಿದ್ದಿ ಸಮುದಾಯದವಳು. ಎಷ್ಟೋ ತಲೆಮಾರುಗಳ ಹಿಂದೆ ಆಫ್ರಿಕಾದಿಂದ ಹಡಗಿನಲ್ಲಿ ತಂದಿಳಿಸಲಾದ ಜನರ ವಂಶ. ಹುಟ್ಟಿ ಬೆಳೆದದ್ದು ಯಲ್ಲಾಪುರದ ಕಡೆ. ಗುಂಗುರು ಕೂದಲು, ಕಡು ಕಪ್ಪು ಬಣ್ಣ, ಬಾಯಿ ಬಿಟ್ಟರೆ ಹುಬ್ಬಳ್ಳಿ ಕಡೆಯ ಕನ್ನಡ. ಆ ಮುಖಕ್ಕೂ ಆ ಮಾತಿಗೂ ತಾಳೆ ಹಾಕಲಾಗದೆ ಬಂದವರೆಲ್ಲ ಒಂದು ಕ್ಷಣ ತಬ್ಬಿಬ್ಬಾಗುತ್ತಿದ್ದರು.

ಒಂದು ದಿನ ಪಕ್ಕದ ಮಂಚದಲ್ಲಿದ್ದ ಮಂಡಿನೋವಿನ ಹಿರಿಯರೊಬ್ಬರು ಅವಳನ್ನು "ವಿಚ್ ಕಂಟ್ರಿ?" ಎಂದು ಕೇಳಿದರು.

"ಯಲ್ಲಾಪುರ ರೀ. ಹುಬ್ಬಳ್ಳಿ ದಾಟಿ ಹೋಗ್ಬೇಕು. ಕಾಲು ಉದ್ದಾ ಮಾಡ್ರಿ," ಎಂದಳು ಅವಳು, ಕೈಕೆಲಸ ನಿಲ್ಲಿಸದೆ.

ದಿನಕ್ಕೊಮ್ಮೆಯಾದರೂ ಯಾರಾದರೂ ಹೀಗೆ ಕೇಳುತ್ತಾರಂತೆ. ಅವಳಿಗೆ ನಟನೆಯ ಹುಚ್ಚು. ಶಾಲೆಯಲ್ಲಿದ್ದಾಗಿನಿಂದ ನಾಟಕ ಮಾಡುತ್ತ ಬಂದವಳು. ಬೆಂಗಳೂರಿಗೆ ಬಂದ ಮೇಲೆ ಸಿನಿಮಾದವರ ಆಡಿಷನ್ನಿಗೂ ಹೋಗಿದ್ದಳು. ಅಲ್ಲಿ ಅವಳಿಗೆಂದು ಇಟ್ಟಿದ್ದು ಒಂದೇ ಪಾತ್ರ, ಮಾದಕ ವಸ್ತು ಮಾರುವ ವಿದೇಶಿ ಹೆಂಗಸು.

"ಮುರುಕು ಇಂಗ್ಲಿಷ್ ಮಾತಾಡು ಅಂದ್ರು ರೀ," ಎಂದು ನಗುತ್ತಲೇ ಹೇಳಿದಳು. "ನಂಗ ಸರಿಯಾದ ಇಂಗ್ಲಿಷೇ ಬರೂದಿಲ್ಲ. ಇನ್ನ ಮುರುಕದ್ದು ಎಲ್ಲಿಂದ ತರ್ಲಿ?"

ನಾನೂ ನಕ್ಕೆ. ಆದರೆ ಅವಳು ಆ ಮಾತನ್ನು ಅಲ್ಲಿಗೇ ಬಿಡಲಿಲ್ಲ. ತಾನೇ ಒಂದು ಕಿರುಚಿತ್ರ ಮಾಡುವುದಾಗಿ ಹೇಳಿ, ನನ್ನ ತೋಳನ್ನು ನಿಧಾನವಾಗಿ ಮೇಲೆತ್ತುತ್ತ ಕತೆ ಒಪ್ಪಿಸಿದಳು. ಒಬ್ಬಳು ಹೆಂಗಸು ಬೆಳಿಗ್ಗೆ ಮನೆಯಿಂದ ಹೊರಡುತ್ತಾಳೆ. ಗೇಟಿನ ಬಳಿ ಪಕ್ಕದ ಮನೆಯವಳು ಸಿಗುತ್ತಾಳೆ. ಮಾರ್ಕೆಟ್ಟಿಗೆ ಹೋಗಿ ಸೊಪ್ಪು ತರುತ್ತಾಳೆ. ಸಾರು ಮಾಡಿ ಉಣ್ಣುತ್ತಾಳೆ.

"ಆಮೇಲೆ?" ಎಂದೆ.

"ಆಮೇಲೇನಿಲ್ರಿ. ಅಷ್ಟೇ."

"ಇದ್ರಲ್ಲಿ ಕತೆ ಎಲ್ಲಿದೆ ಕಣೇ?"

"ಇಡೀ ದಿನ ಆಕೀನ ಯಾರೂ ನಿನ್ನ ಊರು ಯಾವ್ದು ಅಂತ ಕೇಳಂಗಿಲ್ರಿ, ಅಕ್ಕಾರ. ಅದೇ ಕತಿ."

ಆ ಮಾತು ಮನೆಗೆ ಬಂದ ಮೇಲೂ ನನ್ನೊಳಗೆ ಸುತ್ತುತ್ತಿತ್ತು. ಅವಮಾನ ತೋರಿಸಿ ಕಣ್ಣೀರು ತರಿಸುವ ಚಿತ್ರಗಳನ್ನು ನಾನು ಕಂಡಿದ್ದೆ. ಅವಮಾನವೇ ಇಲ್ಲದ ಒಂದು ದಿನವನ್ನು ಕಟ್ಟಿ ತೋರಿಸಬಹುದು ಎಂದು ನನಗೆ ಹೊಳೆದಿರಲಿಲ್ಲ.

ಆ ಹೆಂಗಸಿನ ಪಾತ್ರ ಅವಳದೇ, ಪಕ್ಕದ ಮನೆಯವಳದು ನನಗೇ ಬಂತು. ಆರ್‌ಪಿಸಿ ಲೇಔಟಿನ ನಮ್ಮ ಮನೆಯ ಗೇಟಿನಲ್ಲೇ ಚಿತ್ರೀಕರಣ. ಅವಳ ಜೊತೆ ಪಿ.ಜಿ.ಯಲ್ಲಿದ್ದ ಗೆಳತಿಯೊಬ್ಬಳು ಮದುವೆ ವಿಡಿಯೊ ಮಾಡುವವಳು, ಕ್ಯಾಮೆರಾ ಅವಳದು. ನಾನು ಹೇಳಬೇಕಿದ್ದದ್ದು, "ನಿಮ್ಮನೇಲಿ ಕಾವೇರಿ ನೀರು ಬಂತಾ?" ಎಂಬ ಒಂದೇ ಸಾಲು. ಒಳ್ಳೆಯ ಸೀರೆ ಉಟ್ಟು, ಮುಖದ ತುಂಬ ನಗು ತಂದುಕೊಂಡು ಕೇಳಿದೆ. ಹುಡುಗಿ ಕಟ್ ಅಂದಳು. ಮತ್ತೆ ಕೇಳಿದೆ. ಮತ್ತೆ ಕಟ್.

ಕೊನೆಗೆ ಹತ್ತಿರ ಬಂದು, ಭುಜ ನೋಯದಂತೆ ಕೈ ಹಿಡಿದು ಹೇಳಿದಳು: "ಅಕ್ಕಾರ, ನೀವು ನನ್ನ ಭಾಳ ಪ್ರೀತಿಯಿಂದ ನೋಡಾಕತ್ತೀರಿ. ಅಷ್ಟ್ ಪ್ರೀತಿ ಬ್ಯಾಡ್ರಿ. ನೀರಿನ ಚಿಂತಿ ಇರ್ಲಿ ಮುಖದಾಗ."

ಎಷ್ಟು ಸೂಕ್ಷ್ಮವಾಗಿ ನೋಡಿದ್ದಳು! ಅನುಮಾನದ ನೋಟದಂತೆಯೇ, ಬೇಕೆಂದು ತೋರಿಸುವ ಅಕ್ಕರೆಯೂ ಅವಳನ್ನು ಬೇರೆಯವಳನ್ನಾಗಿಯೇ ಉಳಿಸುತ್ತಿತ್ತು. ಸೀರೆ ಬದಲಾಯಿಸಿ, ನೈಟಿಯ ಮೇಲೊಂದು ಟವೆಲ್ ಹೊದ್ದು ಬಂದೆ. ಖಾಲಿ ಸಂಪು ನೆನೆಸಿಕೊಂಡು ಗೊಣಗುತ್ತ ಕೇಳಿದೆ. ಅದೇ ಶಾಟ್ ಉಳಿಯಿತು.

ಮುಂದಿನ ಭಾನುವಾರ ಬೆಳಿಗ್ಗೆ ವಿಜಯನಗರದ ಮಾರ್ಕೆಟ್. ಸೊಪ್ಪು ಮಾರುವವಳಾಗಿ ನಟಿಸಲು ಒಪ್ಪಿದ್ದು ನಿಜವಾಗಿಯೂ ಸೊಪ್ಪು ಮಾರುವಾಕೆಯೇ, ಹೇರೋಹಳ್ಳಿಯ ನಡುವಯಸ್ಸಿನ ಹೆಂಗಸು. ಹೊಲವಿದ್ದ ಜಾಗದಲ್ಲೆಲ್ಲ ಈಗ ಸೈಟುಗಳಾಗಿದ್ದರೂ ವ್ಯಾಪಾರ ಬಿಡದವಳು. ಆದರೆ ಕ್ಯಾಮೆರಾ ಕಂಡದ್ದೇ ಅವಳು ಸೆಟೆದು ಕೂತಳು. ಸೆರಗು ಸರಿಮಾಡಿಕೊಂಡು, ಟಿ.ವಿ.ಯವರ ಹಾಗೆ "ಬನ್ನಿ ಮೇಡಂ, ತಗೊಳ್ಳಿ ಮೇಡಂ" ಎನ್ನತೊಡಗಿದಳು. ಏನು ಹೇಳಿದರೂ ಅದೇ ರಾಗ.

ನಮ್ಮ ಹುಡುಗಿ ಏನೂ ಹೇಳದೆ ಮುಂದೆ ಕೂತು ದಂಟಿನ ಸೊಪ್ಪಿನ ಕಟ್ಟುಗಳನ್ನು ಒಂದೊಂದಾಗಿ ಎತ್ತಿ, ಕೊಡವಿ, ಮೂಸಿ, ಬದಿಗಿಡತೊಡಗಿದಳು. ಆ ರಾಶಿ ಮುಗಿಸಿ ಮೆಂತ್ಯದ ಕಡೆಗೆ ಕೈ ಹಾಕಿದಳು. ಸೊಪ್ಪಿನಾಕೆಗೆ ಕ್ಯಾಮೆರಾ ಮರೆತೇ ಹೋಯಿತು.

"ಏನವ್ವಾ ನೀನು, ಎಲ್ಲಾ ಕೆದಕಿ ಕೆದಕಿ ಇಡ್ತೀಯ? ತಗೊಂಡ್ರೆ ತಗೋ, ಇಲ್ದಿದ್ರೆ ಎದ್ದೋಗು! ಬೋಣಿನೇ ಆಗಿಲ್ಲ ಇನ್ನೂ!"

"ಸೊಪ್ಪು ಬಾಡೇತಲ್ಲಬೇ!"

"ನೀನು ಹಿಂಗೆ ಮುಟ್ಟಿ ಮುಟ್ಟಿ ಬಾಡ್ತು ಕಣವ್ವ!"

ಗೆಳತಿ ಕ್ಯಾಮೆರಾ ಅಲುಗಾಡದಂತೆ ಉಸಿರು ಬಿಗಿಹಿಡಿದು ನಿಂತಿದ್ದಳು. ಹುಡುಗಿಯ ಮುಖದಲ್ಲಿ ಬೈಸಿಕೊಂಡ ಗಿರಾಕಿಯ ಸಿಟ್ಟಿತ್ತು. ಎರಡು ಕಟ್ಟು ಚೀಲಕ್ಕೆ ಹಾಕಿಕೊಂಡು ಹತ್ತು ಹೆಜ್ಜೆ ಬಂದ ಮೇಲಷ್ಟೇ ಅವಳು ಕುಣಿದದ್ದು. "ಬೈದ್ರು ಅಕ್ಕಾರ! ಎಲ್ಲಾರಿಗೂ ಬೈದಂಗ ನಂಗೂ ಬೈದ್ರು!"

ಅಷ್ಟರಲ್ಲಿ, ಹಿಂದೆ ನಿಂತಿದ್ದ ಒಬ್ಬಾತ ಸೊಪ್ಪಿನಾಕೆಗೆ ಬುದ್ಧಿ ಹೇಳಿದ: "ಅಮ್ಮಾ, ಅವ್ರಿಗೆ ಕನ್ನಡ ಬರಲ್ಲ. ಯಾಕ್ ಸುಮ್ನೆ ಕೂಗಾಡ್ತೀರಾ? ಹುಷಾರು, ಇವ್ರೆಲ್ಲಾ ಡೇಂಜರ್ ಜನ."

"ಕನ್ನಡ ಬರಲ್ವಾ? ಇಷ್ಟೊತ್ತು ನನ್ ಜೊತೆ ಜಗಳ ಆಡಿದ್ದು ಇನ್ಯಾರಪ್ಪ?" ಎಂದಳು ಸೊಪ್ಪಿನಾಕೆ. ಸುತ್ತಲಿದ್ದವರು ಗೊಳ್ಳೆಂದರು. ಆತ ಜಾಗ ಖಾಲಿ ಮಾಡಿದ.

ಗೆಳತಿ ಇನ್ನೂ ನಿಲ್ಲಿಸದಿದ್ದ ಕ್ಯಾಮೆರಾದಲ್ಲಿ ಇದೂ ಸೆರೆಯಾಗಿತ್ತು. ಗೆಳತಿಗೆ ಸಂಭ್ರಮವೋ ಸಂಭ್ರಮ. "ಇದನ್ನ ಹಾಕಿದ್ರೆ ವೈರಲ್ ಆಗುತ್ತೆ ಕಣೇ, ಎಲ್ಲಾರೂ ಶೇರ್ ಮಾಡ್ತಾರೆ," ಎಂದು ಕಾಡಿದಳು. ನನಗೂ ಹಾಗೇ ಅನ್ನಿಸಿತು. ಆ ಮಾತಿಗೆ ತಕ್ಕ ಏಟು ಅದರಲ್ಲೇ ಇತ್ತಲ್ಲ. ಹುಡುಗಿ ಅದನ್ನು ನಾಲ್ಕಾರು ಸಲ ನೋಡಿದಳು. ಅವಳಿಗೂ ನಗು ಬಂತು. ಆದರೂ ಬೇಡವೆಂದಳು.

"ಅದನ್ನ ಹಾಕಿದ್ರ ಸಿನಿಮಾ ಆ ಮನಶ್ಯಾಂದಾಗ್ತದ. ನೋಡಿದವ್ರು ಅವನ್ನ ಬೈಕೋತ ಮನಿಗೆ ಹೋಗ್ತಾರ. ನಾ ಸಾರು ಮಾಡಿದ್ದು ಯಾರಿಗೂ ನೆನಪಿರಂಗಿಲ್ಲ."

ಅಷ್ಟು ಸಲೀಸಾಗಿ ಸಿಕ್ಕ ಚಪ್ಪಾಳೆಯನ್ನು ಬಿಟ್ಟುಕೊಡುವುದು ನನ್ನಿಂದ ಆಗುತ್ತಿತ್ತೇ ಎಂದು ಕೇಳಿಕೊಂಡೆ. ಆಗುತ್ತಿರಲಿಲ್ಲ. ಆವತ್ತಿನಿಂದ ವಯಸ್ಸಿನಲ್ಲಿ ನನಗಿಂತ ಎಷ್ಟೋ ಚಿಕ್ಕವಳಾದ ಅವಳ ಬಗ್ಗೆ ನನಗೆ ಗೌರವವೇ ಹುಟ್ಟಿತು.

ರಾಜಾಜಿನಗರದ ಒಂದು ಪುಟ್ಟ ಸಭಾಂಗಣದಲ್ಲಿ, ಬೇರೆ ಕೆಲವು ಕಿರುಚಿತ್ರಗಳ ಜೊತೆ ಅದನ್ನೂ ತೋರಿಸಿದರು. ಸೊಪ್ಪಿನಾಕೆ ರೇಷ್ಮೆ ಸೀರೆ ಉಟ್ಟು ಬಂದು ನನ್ನ ಪಕ್ಕ ಕೂತಳು. ಚಿತ್ರ ಶುರುವಾದಾಗ ಸಭೆ ಬಿಗಿಯಾಗಿತ್ತು. ಈಗ ಯಾರೋ ಅವಮಾನ ಮಾಡುತ್ತಾರೆ, ಈಗ ಯಾರೋ ಬಾಗಿಲು ಮುಚ್ಚುತ್ತಾರೆ ಎಂದು ಜನ ಕಾಯುತ್ತಿದ್ದದ್ದು ಕತ್ತಲಲ್ಲೂ ತಿಳಿಯುತ್ತಿತ್ತು. ನಾನು ನೀರಿನ ಬಗ್ಗೆ ಗೊಣಗಿದಾಗ ಸಣ್ಣಗೆ ನಕ್ಕರು. ಸೊಪ್ಪಿನ ಜಗಳದಲ್ಲಂತೂ ಇಡೀ ಸಭೆ ನಗುವಿನಲ್ಲಿ ಮುಳುಗಿತು. ಕೊನೆಯಲ್ಲಿ ಅವಳು ತಟ್ಟೆ ಮುಂದಿಟ್ಟುಕೊಂಡು ಬಿಸಿ ಸಾರಿಗೆ ಉಫ್ ಎಂದು ಊದಿ ಉಣ್ಣತೊಡಗಿದಾಗ ಜನ ಕುರ್ಚಿಗೆ ಒರಗಿ ಕೂತು ನೋಡುತ್ತಿದ್ದರು. ಅಷ್ಟು ಹೊತ್ತಿಗೆ ಅವಳ ಊರು ಯಾರಿಗೂ ಬೇಕಿರಲಿಲ್ಲ.

ಮುಗಿದ ಮೇಲೆ ಮುಂದಿನ ಸಾಲಿನ ಒಬ್ಬರು ಎದ್ದರು. "ಚೆನ್ನಾಗಿದೆಯಮ್ಮ. ಆದ್ರೆ ಇದರಲ್ಲಿ ಸಮಸ್ಯೆ ಏನು ಅಂತ ಗೊತ್ತಾಗ್ಲಿಲ್ಲ."

"ಸಮಸ್ಯೆ ಇಲ್ರಿ ಸಾರ್," ಎಂದಳು ಹುಡುಗಿ. "ನೀವೆಲ್ಲಾ ಅದಕ್ಕ ಕಾಯ್ಕೋತ ಕುಂತಿದ್ರಿ, ಅಷ್ಟ."

ಕೇಳಿದವರೇ ಮೊದಲು ನಕ್ಕು ಚಪ್ಪಾಳೆ ತಟ್ಟಿದರು. ಸೊಪ್ಪಿನಾಕೆಗೆ ಇದಾವುದೂ ಬೇಕಿರಲಿಲ್ಲ. "ನನ್ ಕೆನ್ನೆ ನಿಜವಾಗ್ಲೂ ಅಷ್ಟು ದಪ್ಪನಾ?" ಎಂದು ನನ್ನನ್ನು ಮತ್ತೆ ಮತ್ತೆ ಕೇಳುತ್ತಿದ್ದಳು.

ಊರು ಒಂದೇ ದಿನಕ್ಕೆ ಬದಲಾಗಲಿಲ್ಲ. ಚಿತ್ರ ತೋರಿಸಿ ಹೊರಬಂದ ಆ ಮಧ್ಯಾಹ್ನವೇ ಆಟೋದವನೊಬ್ಬ ಅವಳನ್ನು ಇಂಗ್ಲಿಷಿನಲ್ಲಿ ಮಾತಾಡಿಸಿದ. ಆದರೆ ನಮ್ಮ ಬೀದಿಯಲ್ಲಿ ಆ ಚಿತ್ರ ಮೊಬೈಲಿಂದ ಮೊಬೈಲಿಗೆ ಓಡಾಡಿತು. ಅವಳು ನಮ್ಮ ಮನೆಗೆ ಬಂದಾಗ ಎದುರು ಮನೆಯವರು ಗೇಟಿನಿಂದಲೇ, "ನಿಮ್ ಕಡೆ ಸಾರಿಗೆ ಬೆಲ್ಲ ಹಾಕಲ್ವಾ?" ಎಂದು ಕೇಳುವಷ್ಟಾಯಿತು.

ಚಿತ್ರವನ್ನು ಯಲ್ಲಾಪುರದ ತಾಯಿಗೂ ಕಳಿಸಿದ್ದಳು. ನನ್ನ ಕೈಗೆ ವ್ಯಾಯಾಮ ಮಾಡಿಸುತ್ತಿದ್ದಾಗಲೇ ಫೋನ್ ಬಂತು. ಸ್ಪೀಕರಿನಲ್ಲಿಟ್ಟು, "ಹ್ಯಾಂಗಿತ್ತಬೇ ಸಿನಿಮಾ?" ಎಂದು ಕೇಳಿದಳು.

"ಏನ್ ಸಿನಿಮಾನೋ ಏನೋ. ಎಷ್ಟ್ ಸೊರಗೀದಿಯಲ್ಲ! ಹೊತ್ತಿಗೆ ಸರಿಯಾಗಿ ಉಣ್ತಿಯೋ ಇಲ್ಲೋ?" ಎಂದು ಆ ತಾಯಿ ಗದರಿದಳು.

ಹುಡುಗಿ ನನ್ನ ತೋಳನ್ನು ಹಿಡಿದುಕೊಂಡೇ ನಗತೊಡಗಿದಳು.