ಕೆಳಗಿನಿಂದ ಓದುತ್ತಿದ್ದ ಖಲೀಲ್ ಸಾಹೇಬರು

ಖಲೀಲ್ ಸಾಹೇಬರು ಯಾವ ಕಾಗದವನ್ನೂ ಮೇಲಿನಿಂದ ಓದಿದವರಲ್ಲ. ತರೀಕೆರೆಯ ತಾಲ್ಲೂಕು ಕಚೇರಿಯ ಎದುರು, ಜೆರಾಕ್ಸ್ ಅಂಗಡಿಯ ಮಗ್ಗುಲಲ್ಲಿ ಮೇಜು ಹಾಕಿಕೊಂಡು ನಲವತ್ತು ವರ್ಷ ಜನರ ಅರ್ಜಿ ಬರೆದವರು. ಯಾರೇ ಕಾಗದ ತರಲಿ, ಅವರ ಕಣ್ಣು ಮೊದಲು ಹೋಗುತ್ತಿದ್ದುದು ಕೊನೆಯ ಪುಟದ ತಳಕ್ಕೆ. ರುಜು ಯಾರದು, ಪ್ರತಿ ಯಾರ್ಯಾರಿಗೆ ಹೋಗಿದೆ ಎಂದು ನೋಡಿ, ಆಮೇಲೆ ಮೇಲಕ್ಕೆ ಬರುತ್ತಿದ್ದರು. "ಮೇಲ್ಗಡೆ ಎಲ್ಲಾ ಬರೀ ಮರ್ಯಾದೆ ಮಾತು ಟೀಚರಮ್ಮ. ವಿಷಯ ಇರೋದು ಕೆಳಗಡೆ" ಎನ್ನುತ್ತಿದ್ದರು.

ನಾನು ಕಡೂರಿನಲ್ಲಿ ಹೈಸ್ಕೂಲ್ ಟೀಚರು. ತವರಿನ ಪಹಣಿಯಲ್ಲಿ ಅಪ್ಪನ ಹೆಸರು ತಪ್ಪಾಗಿತ್ತೆಂದು ಅವರ ಮೇಜಿಗೆ ಹೋಗಿದ್ದೆ. ನನಗಿಂತ ಮುಂದೆ ಲಕ್ಕವಳ್ಳಿಯ ಹೆಂಗಸೊಬ್ಬಳು ಕಚೇರಿಯಿಂದ ಬಂದ ಜವಾಬು ಹಿಡಿದು ಕೂತಿದ್ದಳು. ಸಾಹೇಬರು ಅದನ್ನು ತಳದಿಂದ ತುದಿಯವರೆಗೆ ಓದಿ, ಅವಳು ಕಳಿಸಿದ್ದ ಅರ್ಜಿಯನ್ನು ಕಣ್ಣಾರೆ ಕಂಡವರಂತೆ ಹೇಳಿಬಿಟ್ಟರು. ಕೋಪದಲ್ಲಿ ಬರೆಸಿದ್ದೀಯ, ಎರಡು ವಿಷಯ ಕೇಳಿದ್ದೀಯ, ಅವರು ಒಂದಕ್ಕೆ ಮಾತ್ರ ಉತ್ತರ ಕೊಟ್ಟು ಇನ್ನೊಂದನ್ನು ಜಾರಿಸಿದ್ದಾರೆ ಎಂದರು. ಅವಳು ಹೌದು ಹೌದು ಎಂದು ತಲೆಯಾಡಿಸಿದಳು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ.

ಆ ವರ್ಷ ನಾನು ಅಂಚೆಯ ಮೂಲಕ ಆದಿ ಕ್ರೈಸ್ತರ ಬರಹಗಳನ್ನು ಓದುವ ಕೋರ್ಸಿಗೆ ಸೇರಿದ್ದೆ. ಅಜ್ಜಂಪುರದಲ್ಲಿ ನಮ್ಮದೊಂದು ಪುಟ್ಟ ಕ್ರೈಸ್ತ ಸಭೆ. ಪಾದ್ರಿಗಳು ತಿಂಗಳಿಗೊಮ್ಮೆ ಬರುತ್ತಾರೆ, ಉಳಿದ ಭಾನುವಾರ ಸಭೆಯ ಹಿರಿಯರಾದ ಯೇಸುದಾಸಪ್ಪನವರದೇ ಪ್ರಸಂಗ. ಒಂದು ಭಾನುವಾರ ನನಗೆ ಕೊಡಿ ಎಂದು ಕೇಳಿದೆ. ಅವರು ಬೈಬಲಿನಲ್ಲಿ ಅಪೊಸ್ತಲ ಪೌಲ ಕೊರಿಂಥ ಊರಿನ ಸಭೆಯವರಿಗೆ ಬರೆದ ಪತ್ರ ತೆಗೆದು, ಸಭೆಯಲ್ಲಿ ಹೆಂಗಸರು ಸುಮ್ಮನಿರಬೇಕು ಎನ್ನುವ ಜಾಗಕ್ಕೆ ಬೆರಳಿಟ್ಟರು. ನಾನು ಹೇಳ್ತಿಲ್ಲಮ್ಮ, ಪೌಲ ಹೇಳ್ತಿದಾನೆ ಎಂದರು. ನನಗೋ ಮೂಗಿನ ತುದಿಯಲ್ಲೇ ಕೋಪ. ಓದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತಲ್ಲ ಎಂದು ಸಂಕಟವಾಯಿತು. ಪಹಣಿಯ ನೆಪದಲ್ಲಿ ಸಾಹೇಬರ ಹತ್ತಿರ ಹೋಗಿ ಗೊಣಗಿದೆ.

"ನಿಮ್ಮ ಧರ್ಮದ ವಿಷಯ ನಂಗೆ ಬೇಡ. ಕಾಗದದ ವಿಷಯ ಆದ್ರೆ ತನ್ನಿ, ನೋಡ್ತೀನಿ" ಎಂದರು. ಬೈಬಲ್ ತಂದಾಗ ಬಾಟಲಿ ನೀರಿನಲ್ಲಿ ಕೈ ತೊಳೆದು, ಮೇಜಿನ ಮೇಲೆ ಕರ್ಚೀಫು ಹಾಸಿ, ಅದರ ಮೇಲೆ ಪುಸ್ತಕ ಇಟ್ಟುಕೊಂಡರು.

ಎರಡು ವಾರ ಓದಿದರು. ನೀವು ಬರೆದು ಕೇಳಿದ್ದಕ್ಕೆ ಎಂದು ನಡುವೆ ಈ ಪೌಲನೇ ಹೇಳುತ್ತಾನೆ, ಹಾಗಾದರೆ ಇದು ಜವಾಬು, ಅವರು ಬರೆದ ಕಾಗದ ಎಲ್ಲಿ ಎಂದು ಕೇಳಿದರು. ಅದು ಕಳೆದುಹೋಗಿದೆ ಎಂದೆ. "ಅರ್ಜಿ ಇಲ್ದೇನೇ ಬರೀ ಜವಾಬಿನ ಮೇಲೆ ಇಷ್ಟು ವರ್ಷ ತೀರ್ಪು ಕೊಡ್ತಿದೀರಾ?" ಎಂದು ನಕ್ಕರು.

ನನಗೆ ಹುರುಪು ಬಂತು. ಹೆಂಗಸರು ಸುಮ್ಮನಿರಬೇಕೆಂಬ ಆ ಸಾಲು ಪೌಲನದೇ ಅಲ್ಲ, ಆಮೇಲೆ ಯಾರೋ ಸೇರಿಸಿದ್ದು ಅನ್ನುವ ಪಂಡಿತರೂ ಇದ್ದಾರೆ, ಹಾಗೇ ಹೇಳಿಬಿಡಲೇ ಎಂದೆ. ಸಾಹೇಬರ ಮುಖ ಬಿಗಿಯಿತು. ಪಂಡಿತರಿಗೆ ಅನುಮಾನ ಬಂದಿದ್ದರೆ ಅದು ಅವರ ಕೆಲಸ, ನಿಮಗೆ ಬೇಡವಾದ ಸಾಲು ಅಂತ ನೀವು ತೆಗೆಯುವ ಹಾಗಿಲ್ಲ ಎಂದರು. ನಾಚಿಕೆಯಾಯಿತು.

ಆಮೇಲೆ ಅದೇ ಪೌಲ ರೋಮಿಗೆ ಬರೆದ ಪತ್ರ ತೆರೆದರು. ಕೆಳಗಿನಿಂದಲೇ! ನಾನು ಕೊನೆಯ ಅಧ್ಯಾಯವೆಂದರೆ ಬರೀ ವಂದನೆಗಳು ಎಂದು ಹಾರಿಸಿದ್ದೆ. ಅವರ ಬೆರಳು ಫೊಯಿಬೆ ಎಂಬ ಹೆಂಗಸಿನ ಹೆಸರಿನ ಮೇಲೆ ನಿಂತಿತು. ಇವಳು ಕೆಂಖ್ರೆಯ ಸಭೆಯ ಸೇವಕಿ, ಇವಳನ್ನು ಸೇರಿಸಿಕೊಳ್ಳಿ, ಬೇಕಾದ ಸಹಾಯ ಮಾಡಿ ಎಂದಿದೆ ಅಲ್ಲಿ.

"ಹಿಂಗೆ ಬರೆದಿದಾನೆ ಅಂದ್ರೆ ಕಾಗದ ತಗೊಂಡು ಹೋಗಿದ್ದು ಇವಳೇ. ನಾನೂ ಸಾವಿರ ಕಾಗದ ಹಿಂಗೇ ಕೊಟ್ಟು ಕಳಿಸಿದೀನಿ. ಅಲ್ಲಿರೋರು ಇದೇನು, ಅದೇನು ಅಂತ ಕೇಳ್ತಾರೆ. ಹೇಳೋಳು ಯಾರು? ತಗೊಂಡು ಹೋದೋಳೇ. ಬಾಯಿಲ್ದೋಳ ಕೈಗೆ ಯಾರಾದ್ರೂ ಕಾಗದ ಕೊಡ್ತಾರಾ?"

ಕೊರಿಂಥಕ್ಕೂ ಕೆಂಖ್ರೆಗೂ ಎಷ್ಟು ದೂರ ಎಂದರು. ನಕ್ಷೆ ನೋಡಿದೆ. ಹೆಚ್ಚುಕಡಿಮೆ ಕಡೂರಿಗೂ ಬೀರೂರಿಗೂ ಇರುವಷ್ಟೇ. ಒಂದೂರಿನ ಹೆಂಗಸರಿಗೆ ಸುಮ್ಮನಿರಿ ಎಂದವನು ಪಕ್ಕದೂರಿನ ಹೆಂಗಸಿನ ಕೈಗೆ ತನ್ನ ಅಷ್ಟುದ್ದದ ಪತ್ರ ಕೊಟ್ಟಿದ್ದ. ಮನೆಗೆ ಬಂದು ಕೋರ್ಸಿನ ಪಾಠ ತಿರುವಿದರೆ, ನಾನು ಇನ್ನೂ ತಲುಪದ ಪುಟದಲ್ಲಿ ಅದೇ ಮಾತು ಇತ್ತು. ಪತ್ರ ಒಯ್ದವಳು ಬಹುಶಃ ಅವಳೇ, ಓದಿ ವಿವರಿಸಿದವಳೂ ಅವಳೇ ಇರಬೇಕು ಎಂದು.

ಭಾನುವಾರ ಯೇಸುದಾಸಪ್ಪನವರಿಗೆ ಬೈಬಲಿನಲ್ಲಿ ಫೊಯಿಬೆಯ ಹೆಸರಿರುವ ಪುಟ ತೋರಿಸಿದೆ. ಎರಡು ಸಲ ಓದಿದರು. ಇನ್ನೊಂದು ವಾಕ್ಯವೂ ಇದೆಯಲ್ಲಮ್ಮ ಎಂದರು. ಇದೆ, ಕೊರಿಂಥದಲ್ಲಿ ಏನು ಗಲಾಟೆಯಾಗಿತ್ತೋ ನನಗೆ ಪೂರ್ತಿ ಗೊತ್ತಿಲ್ಲ, ಇದೂ ಇದೆ ಎಂದೆ. ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟು, "ಬರೋ ವಾರ ನೀನೇ ಮಾತಾಡು. ನಾನೂ ಕೇಳ್ತೀನಿ" ಎಂದರು.

ಮರುದಿನ ತರೀಕೆರೆಗೆ ಓಡಿದರೆ ಮೇಜು ಇರಲಿಲ್ಲ. ಹುಷಾರಿಲ್ಲವೆಂದು ತಿಳಿದು ಮನೆಗೆ ಹೋದೆ. ಮಂಚದ ಮೇಲೆ ಒರಗಿ ಎಲ್ಲ ಕೇಳಿಸಿಕೊಂಡರು. ಖುಷಿಯಾಗಿ ಹೆಂಡತಿಗೆ ದಖ್ಖನಿ ಉರ್ದುವಿನಲ್ಲಿ ಏನೋ ಹೇಳಿ ಟೀ ತರಿಸಿದರು. ಆಮೇಲೆ ಮಾತು ಮೆತ್ತಗಾಯಿತು.

"ನಲವತ್ತು ವರ್ಷ ಬರೆದೆ ಟೀಚರಮ್ಮ. ಯಾರ ಪರವಾಗಿ, ಯಾರಿಗೆ ಅಂತೆಲ್ಲ ಬರೆದೆ. ಬಿಸಿಲಲ್ಲಿ ಕಾಗದ ಹಿಡ್ಕೊಂಡು ನಿಂತೋಳ ಹೆಸರು ಒಂದ್ಸಲಾನೂ ಬರೀಲಿಲ್ಲ. ಆ ಮನುಷ್ಯ ಬರೆದ ನೋಡಿ."

ಗುರುವಾರ ಅವರು ತೀರಿಕೊಂಡರು.

ಭಾನುವಾರ ಅಜ್ಜಂಪುರದಲ್ಲಿ ಎದ್ದು ನಿಂತೆ. ಮುಂದಿನ ಸಾಲಿನಲ್ಲೇ ಯೇಸುದಾಸಪ್ಪನವರು ಕೂತಿದ್ದರು. ಪತ್ರ ಓದುವ ಮೊದಲು, ಅರ್ಜಿಯಲ್ಲಿ ಬರೆಯುವ ಹಾಗೆ ಪೂರ್ತಿಯಾಗಿ ಹೇಳಿದೆ: "ಖಲೀಲ್ ಬಿನ್ ದಸ್ತಗೀರ್, ಅರ್ಜಿ ಬರೆಯುವವರು, ತರೀಕೆರೆ ಕಸಬಾ. ಈ ಪತ್ರವನ್ನು ನನ್ನ ಕೈಗೆ ಕೊಟ್ಟವರು ಅವರು."